ಗಂಜಿನ ಹಿಂದಿನ ಜೀಪು

ನಮ್ಮ ಕಡೆಯ ಹಳ್ಳಿಗಳಲ್ಲಿ ‘ಜೀಪ್ ಬಂತು’ ಎಂಬ ಎರಡೇ ಮಾತಿಗೆ ಒಂದು ಕಾಲದಲ್ಲಿ ಎಷ್ಟೊಂದು ಅರ್ಥಗಳಿದ್ದವು! ಕಾರು ಬಂತು ಎಂದರೆ ಸಾಹುಕಾರರ ಮನೆಗೆ ಬೀಗರು ಬಂದರು ಎಂದು ತಿಳಿಯಬೇಕು. ಬಸ್ಸು ಬಂತು ಎಂದರೆ ಪೇಟೆಗೆ ಹೋಗುವವರು ಗಂಟು ಎತ್ತಿಕೊಂಡು ಓಡಬೇಕು. ಜೀಪು ಬಂತೆಂದರೆ ಮಾತ್ರ ಯಾರು ಬಂದರು, ಯಾಕೆ ಬಂದರು ಎಂದು ಗೊತ್ತಾಗುವತನಕ ಊರಿಗೆ ಊರೇ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಕಂದಾಯದವರಿರಬಹುದು, ಪೊಲೀಸರಿರಬಹುದು, ಸೂಜಿಮದ್ದಿನವರಿರಬಹುದು, ಓಟು ಕೇಳುವವರಿರಬಹುದು. ಹೆಂಗಸರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಜೀಪಿನೊಳಗೆ ಕೂತು ಊರು ನೋಡಿದ ಹೆಂಗಸರು ಬೆರಳೆಣಿಕೆಯಷ್ಟು. ಅದರ ಸ್ಟೇರಿಂಗ್ ಹಿಡಿದು ಕೂತ ಹೆಂಗಸನ್ನಂತೂ ನನ್ನ ಸಣ್ಣಂದಿನಲ್ಲಿ ನಾನು ಕಂಡದ್ದಿಲ್ಲ.

ಅಂಥದೊಂದು ಜೀಪನ್ನು ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸ ಕಳೆದ ದೀಪಾವಳಿಯ ಮುಂದೆ ನಮ್ಮ ಮನೆಯ ಇಬ್ಬರು ಹೆಂಗಸರ ಪಾಲಿಗೆ ಬಂತು. ಒಬ್ಬಳು ನಾನು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಇನ್ನೊಬ್ಬಳು ನನ್ನ ನೆಗೆಣ್ಣಿ. ಮೈದುನ ತೀರಿಕೊಂಡು ನಾಲ್ಕು ವರ್ಷವಾಯಿತು. ಕಮಲಾಪುರದ ಹತ್ತಿರ ಅವನ ಪಾಲಿಗೆ ಬಂದಿದ್ದ ಏಳು ಎಕರೆ ಎರೆಹೊಲವನ್ನು ಅವಳೇ ನೋಡಿಕೊಳ್ಳುತ್ತಾಳೆ. ಕಮಲಾಪುರವೆಂದರೆ ನಿಮಗೆ ಕೆಂಪು ಬಾಳೆಯ ನೆನಪಾಗುತ್ತದೆ. ನಮ್ಮ ಹೊಲಕ್ಕೆ ಅಷ್ಟು ನೀರಿಲ್ಲ, ನಮ್ಮದು ಮಳೆ ನೆಚ್ಚಿದ ತೊಗರಿ. ‘ಗುಲಬರ್ಗಾ ತೊಗರಿ ಬೇಳೆ’ ಎಂಬ ಹೆಸರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹೆಸರಿಗೆ ಮಾನ ಸಿಕ್ಕಿತು, ಬೆಳೆದವಳ ಕೈಗೆ ಎಷ್ಟು ಸಿಗುತ್ತದೆ ಎಂಬುದು ಬೇರೆಯ ಲೆಕ್ಕ.

ಆ ಲೆಕ್ಕದ ಗಂಟು ಎಲ್ಲಿದೆ ಎಂದರೆ, ತೊಗರಿ ಕಮಲಾಪುರದಲ್ಲಿ ಬೆಳೆಯುತ್ತದೆ, ಮಾರಾಟವಾಗುವುದು ಕಲಬುರಗಿಯ ನೆಹರು ಗಂಜಿನಲ್ಲಿ. ನಡುವೆ ಹುಮನಾಬಾದ ರಸ್ತೆ. ಮೂರು ವರ್ಷ ಅವಳ ಚೀಲಗಳು ದಾಯಾದಿ ಭಾವನೊಬ್ಬನ ಟ್ರ್ಯಾಕ್ಟರಿನಲ್ಲಿ ಗಂಜಿಗೆ ಬಂದವು. ಅವನಿಗೆ ಬಿಡುವಾದ ದಿನವೇ ಇವಳ ಮಾರಾಟದ ದಿನ, ಆ ದಿನದ ದರವೇ ಇವಳ ದರ. ಒಂದೇ ಸಲಕ್ಕೆ ಎಲ್ಲ ಚೀಲವೂ ಹೋಗಬೇಕು. ಅಡತಿ ಅಂಗಡಿಯಲ್ಲಿ ತೂಕ, ದರ, ಹಮಾಲಿ ಎಲ್ಲ ಬರೆದು ಕೊಡುವ ಪಟ್ಟಿಯ ಮೇಲೆ ಮೂರೂ ವರ್ಷ ಅವನ ಹೆಸರಿತ್ತು, ಏಕೆಂದರೆ ಮಾಲು ತಂದವನು ಅವನು. ಕೆಟ್ಟವನೇನಲ್ಲ, ದುಡ್ಡು ತಂದು ಎಣಿಸಿ ಕೊಡುತ್ತಿದ್ದ. ಆದರೆ ಬೆಳೆ ಸಾಲಕ್ಕೆ ಹೋದಾಗ, ‘ನೀವು ತೊಗರಿ ಮಾರಿದ್ದಕ್ಕೆ ಕಾಗದ ಏನದ?’ ಎಂದು ಕೇಳಿದವರಿಗೆ ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ.

ಆಗ ಯಾರೋ ಹೇಳಿದರು, ಗಂಜಿನ ಹಿಂದಿನ ಓಣಿಯಲ್ಲಿ, ಗ್ಯಾರೇಜುಗಳ ಸಾಲಿನ ಕೊನೆಗೆ, ಬೇವಿನ ಮರದ ಕೆಳಗೆ ಒಂದು ಹಳೆಯ ಮಹೀಂದ್ರ ಜೀಪು ಮಾರಾಟಕ್ಕಿದೆ ಎಂದು. ಕೇಳಿದ ಬೆಲೆ 1,80,000. ಅವಳ ಕೈಯಲ್ಲಿ ಕೂಡಿಸಿಟ್ಟದ್ದು 2,35,000. ಫೋನು ಮಾಡಿ ಹೇಳಿದಳು: “ಅಕ್ಕಾ, ನೀವೊಮ್ಮಿ ನೋಡಿ ಹೇಳ್ರಿ. ಹಳೇ ಸಾಮಾನಿನ ಗುಣ ನಿಮಗ ತಿಳೀತದ.”

ಹಳೆಯ ಸಾಮಾನಿನ ಗುಣ ತಿಳಿಯಬೇಕಾದರೆ ಮೊದಲು ಅದರ ಕುಲ, ಮನೆತನ ತಿಳಿಯಬೇಕು. ಹೆಣ್ಣು ತರುವಾಗಲೂ ಕೊಡುವಾಗಲೂ ನಮ್ಮವರು ಮಾಡುವುದು ಅದನ್ನೇ. ನಾನೂ ಜೀಪಿನ ಮನೆತನ ವಿಚಾರಿಸಿದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರ ಜುಲೈನಲ್ಲಿ ಅಮೆರಿಕದ ಸೈನ್ಯ ಅಲ್ಲಿಯ 135 ಕಂಪನಿಗಳಿಗೆ ಕಾಗದ ಬರೆಯಿತು. ಹಗುರವಾದ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಒಂದು ಗಾಡಿ ಬೇಕು, ಮೊದಲ ಮಾದರಿಯನ್ನು 49 ದಿನಗಳಲ್ಲಿ ಮಾಡಿ ತಂದು ನಿಲ್ಲಿಸಬೇಕು ಎಂಬುದು ಕರಾರು. ಪೆನ್ಸಿಲ್ವೇನಿಯಾ ರಾಜ್ಯದ ಬಟ್ಲರ್ ಎಂಬ ಊರಿನ, ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ಕೈಯಿಂದ ನಕ್ಷೆ ಮಾಡಿಸಿ, ಸೆಪ್ಟೆಂಬರ್ 23ರಂದು ಗಾಡಿ ತಂದು ನಿಲ್ಲಿಸಿಯೇಬಿಟ್ಟಿತು. ಆದರೆ ಸಾವಿರಗಟ್ಟಲೆ ಗಾಡಿ ಮಾಡಿಕೊಡುವ ಶಕ್ತಿ ಅದಕ್ಕಿರಲಿಲ್ಲ. ದೊಡ್ಡ ಗುತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಹೆತ್ತವಳು ಒಬ್ಬಳು, ಆಡಿಸಿದವರು ಇನ್ನಿಬ್ಬರು.

ಹನ್ನೊಂದು ಅಡಿ ಉದ್ದ, 60 ಅಶ್ವಶಕ್ತಿಯ ಎಂಜಿನ್ನು, ಬಾಗಿಲಿಲ್ಲ, ಮೇಲೆ ಬಟ್ಟೆಯ ಮಾಡು. ಚೆಂದಕ್ಕೆಂದು ಇಟ್ಟದ್ದು ಒಂದೂ ಇಲ್ಲ. ಚಪ್ಪಟೆ ತಗಡು ಯಾಕೆಂದರೆ ಬೇಗ ಬಡಿದು ಮುಗಿಸಬಹುದು, ಬೇಗ ಬಿಚ್ಚಿ ಕಟ್ಟಬಹುದು. ಸಾಮಾನ್ಯ ಗಾಡಿಯಲ್ಲಿ ಎರಡೇ ಚಕ್ರ ದುಡಿಯುತ್ತವೆ, ಉಳಿದೆರಡು ಸುಮ್ಮನೆ ಉರುಳುತ್ತವೆ. ಕೆಸರಿನಲ್ಲಿ ದುಡಿಯುವ ಚಕ್ರ ಜಾರಿತೋ, ಗಾಡಿ ನಿಂತಂತೆಯೇ. ಜೀಪಿನಲ್ಲಿ ಇನ್ನೊಂದು ಸಣ್ಣ ಲಿವರ್ ಎಳೆದರೆ ಮುಂದಿನ ಚಕ್ರಗಳಿಗೂ ಬಲ ಹೋಗುತ್ತದೆ. ನಮ್ಮ ಒಕ್ಕಲಿಗರ ಮಾತಿನಲ್ಲಿ ಹೇಳುವುದಾದರೆ, ಏರಿನಲ್ಲಿ ನಿಂತ ಬಂಡಿಗೆ ಇನ್ನೊಂದು ಜೋಡಿ ಎತ್ತು ಹೂಡಿದ ಹಾಗೆ.

ಈ ಅಮೆರಿಕದ ಕೂಸು ನಮ್ಮ ದೇಶಕ್ಕೆ ಬಂದ ಕಥೆಯಲ್ಲಿ ನಮ್ಮ ಸೀಮೆಯ ಒಂದು ಎಳೆಯೂ ಇದೆ. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಂ ಮಹಮ್ಮದ್ ಸೇರಿ 1945ರ ಅಕ್ಟೋಬರ್ 2ರಂದು ‘ಮಹೀಂದ್ರ ಅಂಡ್ ಮಹಮ್ಮದ್’ ಎಂಬ ಉಕ್ಕಿನ ವ್ಯಾಪಾರದ ಕಂಪನಿ ತೆರೆದರು. ಈ ಗುಲಾಂ ಮಹಮ್ಮದರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹಣಕಾಸಿನ ಮಂತ್ರಿಯಾಗಿ ಕೆಲಸ ಮಾಡಿದವರು. ಅಂದರೆ ನಮ್ಮ ಗುಲಬರ್ಗಾದ ಕಂದಾಯವನ್ನೂ ಎಣಿಸಿದವರು. ದೇಶ ಇಬ್ಭಾಗವಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಉಳಿದ ಸಹೋದರರು 1948ರಲ್ಲಿ ಕಂಪನಿಯ ಹೆಸರಿನ ಎರಡನೆಯ ಪದವನ್ನು ಬದಲಿಸಿ ‘ಮಹೀಂದ್ರ ಅಂಡ್ ಮಹೀಂದ್ರ’ ಎಂದು ಮಾಡಿದರು. 1949ರಲ್ಲಿ ಮುಂಬೈಯ ಮಜಗಾಂವದಲ್ಲಿ, ಅಮೆರಿಕದಿಂದ ಬಿಡಿ ಭಾಗಗಳಾಗಿ ಬಂದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದರು. ಒಂದೇ ಅಂಗಡಿ ಹೂಡಿದ ಪಾಲುದಾರರು ಎರಡು ದೇಶದವರಾದರು.

ಅದೇ 1948ರ ಸೆಪ್ಟೆಂಬರಿನಲ್ಲಿ ನಮ್ಮ ಸೀಮೆ ಜೀಪನ್ನು ಇನ್ನೊಂದು ರೂಪದಲ್ಲಿ ಕಂಡಿತು. ರಜಾಕಾರರ ಹಾವಳಿಯಿಂದ ಬೇಸತ್ತು ಎಷ್ಟೋ ಕುಟುಂಬಗಳು ಗಡಿ ದಾಟಿ ಸೋಲಾಪುರದ ಕಡೆ ಹೋಗಿದ್ದವು. 13ರಂದು ಭಾರತದ ಸೈನ್ಯ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ನಾಯಕತ್ವದಲ್ಲಿ ಸೋಲಾಪುರದಿಂದ ನಳದುರ್ಗದ ಮಾರ್ಗವಾಗಿ ಒಳಗೆ ಬಂತು. 17ರಂದು ನಿಜಾಮರು ಶರಣಾದರು. ಆ ದಿನವನ್ನು ನಾವು ವಿಮೋಚನೆಯ ದಿನವೆಂದು ಆಚರಿಸುತ್ತೇವೆ, ಆಚರಿಸಬೇಕಾದದ್ದೇ. ಅದರ ಬೆನ್ನಿಗೇ ಈ ಭಾಗದ ಮುಸಲ್ಮಾನ ಕುಟುಂಬಗಳ ಮೇಲೆ ನಡೆದ ಹಿಂಸೆಯನ್ನೂ ಸುಂದರಲಾಲ್ ಸಮಿತಿ ದಾಖಲಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಇದ್ದವು. ಒಂದೇ ರಸ್ತೆಯ ಮೇಲೆ ಬಂದ ಸೈನ್ಯದ ಗಾಡಿಗಳ ಸದ್ದಿಗೆ ಒಂದು ಮನೆಯ ಬಾಗಿಲು ತೆರೆಯಿತು, ಪಕ್ಕದ ಮನೆಯ ಬಾಗಿಲು ಮುಚ್ಚಿತು. ತರಗತಿಯಲ್ಲಿ ಈ ಪಾಠ ಹೇಳುವಾಗ ಎರಡೂ ಬಾಗಿಲಿನ ಮಕ್ಕಳು ನನ್ನ ಮುಂದೆ ಒಂದೇ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಹಳೆಯ ಜೀಪು ಕೊಳ್ಳಲು ಹೊರಟವರು ತಿಳಿಯಬೇಕಾದ ಇನ್ನೊಂದು ಸಂಗತಿಯೂ ಆ ವರ್ಷದ್ದೇ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೈನ್ಯಕ್ಕೆ ತುರ್ತಾಗಿ ಜೀಪುಗಳು ಬೇಕಾಗಿದ್ದವು. ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ನರು ವಿದೇಶಿ ಕಂಪನಿಯೊಂದರೊಡನೆ, ರಿಪೇರಿ ಮಾಡಿ ಸಜ್ಜುಗೊಳಿಸಿದ ಹಳೆಯ ಜೀಪುಗಳಿಗಾಗಿ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಹಣದ ಬಹುಪಾಲು ಮೊದಲೇ ಸಂದಾಯವಾಯಿತು. ಬಂದಿಳಿದದ್ದು 155 ಜೀಪು, ಅವೂ ಸೈನ್ಯದ ಕೆಲಸಕ್ಕೆ ಒದಗುವ ಸ್ಥಿತಿಯಲ್ಲಿರಲಿಲ್ಲ. ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು ಪ್ರಕರಣ ಇಲ್ಲಿಗೆ ಮುಗಿಯಿತೆಂದು ಸಾರಿದರು, ಮರುವರ್ಷವೇ ಮೆನನ್ನರು ನೆಹರೂ ಸಂಪುಟ ಸೇರಿದರು. ರಾಜಕೀಯದ ತೀರ್ಪು ಏನೇ ಇರಲಿ, ಸಂಸಾರ ನಡೆಸುವವಳ ಕಣ್ಣಿಗೆ ಕಾಣುವ ಪಾಠ ಬಹಳ ಸರಳ. ಅವಸರದವರಿಗೆ ಹಳೆಯ ಗಾಡಿ ಮಾರುವುದು ಸುಲಭ, ಮತ್ತು ಗಾಡಿಯನ್ನು ಕಣ್ಣಾರೆ ನೋಡುವ ಮೊದಲು ಕೈಯಿಂದ ಹಣ ಬಿಡಬಾರದು. ಒಂದು ದೇಶ ತಾಳಿಕೊಂಡ ನಷ್ಟವನ್ನು ಏಳು ಎಕರೆಯ ವಿಧವೆ ತಾಳಿಕೊಳ್ಳಲಾರಳು.

ಆಮೇಲಿನ ಜೀಪು ನಮ್ಮ ನಿಮ್ಮೆಲ್ಲರಿಗೂ ಗೊತ್ತಿರುವ ಜೀಪು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕು, ಬ್ಲಾಕಿಗೊಬ್ಬ ಅಧಿಕಾರಿ, ಅಧಿಕಾರಿಗೊಂದು ಜೀಪು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಯುನಿಸೆಫ್ ಸಂಸ್ಥೆಯವರು ಜೀಪುಗಳನ್ನು ಕೊಟ್ಟರು. ಅಡ್ಡಗೂಸು ಸಿಕ್ಕಿಕೊಂಡ ಬಸುರಿಯನ್ನು ಮಂಚದ ಮೇಲೆ ಹೊತ್ತು ತಂದು, ಹಳ್ಳದ ದಂಡೆಯಲ್ಲಿ ಕಾಯುತ್ತಿದ್ದ ಆಸ್ಪತ್ರೆ ಜೀಪಿಗೆ ಏರಿಸಿದ್ದನ್ನು ನಮ್ಮ ಅತ್ತೆಯವರು ಕಂಡಿದ್ದರು. ಜೀಪಿನ ಹೆಸರೆತ್ತಿದರೆ ಕೈಮುಗಿಯುತ್ತಿದ್ದರು.

ಅದೇ ಅತ್ತೆಯವರು ಇನ್ನೊಂದು ಮಾತೂ ಹೇಳುತ್ತಿದ್ದರು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ದೂರದಲ್ಲಿ ಧೂಳೆದ್ದರೆ ಸಾಕು, ಗಂಡಸರು ಜೋಳದ ಹೊಲ ಹೊಕ್ಕು ಕೂತುಬಿಡುತ್ತಿದ್ದರಂತೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಪ್ರತಿ ಕಚೇರಿಗೂ ಇಷ್ಟೆಂದು ಗುರಿ, ಗುರಿ ಮುಟ್ಟಿಸಲು ಜೀಪು. “ಅದ ಗಾಡಿ, ಅದ ಡ್ರೈವರ. ಒಮ್ಮಿ ಜೀವಾ ಉಳಿಸಲಾಕ ಬಂತು, ಒಮ್ಮಿ ಹಿಡಕೊಂಡು ಹೋಗಲಾಕ ಬಂತು” ಎನ್ನುತ್ತಿದ್ದರು. ಊರಿನ ಜನ ಜೀಪನ್ನು ನೋಡಿ ಉಸಿರು ಹಿಡಿಯುತ್ತಿದ್ದದ್ದಕ್ಕೆ ಕಾರಣ ಇದು. ಅದು ಯಾವಾಗಲೂ ಬೇರೆಯವರ ಗಾಡಿಯಾಗಿತ್ತು.

ನನ್ನ ನೆಗೆಣ್ಣಿಗೆ ಅದನ್ನು ತನ್ನದಾಗಿ ಮಾಡಿಕೊಳ್ಳುವ ಆಸೆ. ಆ ಆಸೆಯಲ್ಲಿ ತಪ್ಪೇನಿದೆ? “ಅವರೂ ಇದ್ದಾಗ ಜೀಪಿನ ಮಾತ ಆಡ್ತಿದ್ರು ಅಕ್ಕಾ” ಎಂದಳು, ಗಂಜಿನ ಹಿಂದಿನ ಓಣಿಯಲ್ಲಿ ನಡೆಯುತ್ತ. ಗೋಣಿಚೀಲದ ಅಂಗಡಿ, ಹಗ್ಗದ ಅಂಗಡಿ, ಬೀಜ ಗೊಬ್ಬರದ ಅಂಗಡಿ ದಾಟಿ, ಬೇಳೆ ಮಿಲ್ಲಿನ ಧೂಳು ದಾಟಿ ಹೋದೆವು. ಜೊತೆಗೆ ನಮಗೆ ಪರಿಚಯದ ಮಿಸ್ತ್ರಿಯೊಬ್ಬರು. ಎಪ್ಪತ್ತು ದಾಟಿದವರು, ಜೀಪುಗಳ ಕೆಳಗೇ ಮಲಗಿ ಆಯುಷ್ಯ ಕಳೆದವರು. ಅವರಿಗೆ ಮಾರುವವನ ಹಂಗೂ ಇರಲಿಲ್ಲ, ಕೊಳ್ಳುವವರ ಹಂಗೂ ಇರಲಿಲ್ಲ. ಒಂದು ಚಹಾ, ಎರಡು ನೂರು ರೂಪಾಯಿ ಅವರ ಸಂಭಾವನೆ.

ಜೀಪು ನಿಂತಿತ್ತು. ಎತ್ತರದ ಬಾನೆಟ್ಟು, ಚಪ್ಪಟೆ ಮಡಗಾರ್ಡು. ವಿಲ್ಲಿಸ್ ಕಂಪನಿ 1953ರಲ್ಲಿ ಹೊಸ ಎತ್ತರದ ಎಂಜಿನ್ನನ್ನು ಹಳೆಯ ಮೈಯೊಳಗೆ ಕೂರಿಸಲು ಬಾನೆಟ್ಟನ್ನು ಎತ್ತರಿಸಿತ್ತು. ಅದಕ್ಕೆ ಸಿಜೆ-3ಬಿ ಎಂದು ಹೆಸರು. ಅಮೆರಿಕದಲ್ಲಿ ಅದು 1968ಕ್ಕೆ ನಿಂತಿತು, ನಮ್ಮಲ್ಲಿ ಮಹೀಂದ್ರದವರು ಅದೇ ಮುಖವನ್ನು ಮುಂದೆ ದಶಕಗಳ ಕಾಲ ಓಡಿಸಿದರು. ಈ ಜೀಪಿಗೆ ಒಂದು ಕಾಲದಲ್ಲಿ ಹಸಿರು ಬಣ್ಣವಿತ್ತು ಎಂದು ಕಾಣುತ್ತಿತ್ತು. ಈಗ ಅರ್ಧ ಮೈಯೆಲ್ಲ ಜಂಗು, ಒಣಗಿದ ಕೆಂಪು ಮಣ್ಣಿನ ಹಾಗೆ.

“ಸೋನಾ ಅದ್ರಿ ಬಾಯಾರ, ಸೋನಾ” ಎಂದ ಮಾರುವವ. “ಹಳೇ ಕಬ್ಬಿಣ, ಈಗ ಇಂಥಾದ್ದು ಎಲ್ಲಿ ಸಿಗ್ತದ?”

ಮಿಸ್ತ್ರಿ ಸುಮ್ಮನೆ ಕೆಳಗೆ ಗೋಣಿತಟ್ಟು ಹಾಸಿದರು. “ಮ್ಯಾಲಿನ ಜಂಗಿಗೆ ಅಂಜಬ್ಯಾಡ್ರಿ” ಎಂದರು ನಮಗೆ. “ಅದು ಚರ್ಮದ ರೋಗ. ಕತ್ತರಿಸಿ ಬ್ಯಾರೆ ತಗಡು ಹಚ್ಚಿದ್ರ ಆಯ್ತು. ತೆಳಗ ಚಾಸಿ ನೋಡ್ಬೇಕು. ಅಲ್ಲಿದ್ರ ಅದು ಎಲುವಿನ ರೋಗ.”

ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ, ಯಾವ ಹಳೆಯ ಗಾಡಿಗಾದರೂ ಉಪಯೋಗಕ್ಕೆ ಬರುತ್ತದೆ. ಜೀಪಿನ ಮೈ ಬೇರೆ, ಎಲುಬು ಬೇರೆ. ಕೆಳಗೆ ಏಣಿಯಂಥ ಒಂದು ಉಕ್ಕಿನ ಚೌಕಟ್ಟು: ಎರಡು ಉದ್ದನೆಯ ತೊಲೆ, ನಡುವೆ ಅಡ್ಡಪಟ್ಟಿಗಳು. ಎಂಜಿನ್ನು, ಚಕ್ರ, ಮೈ ಎಲ್ಲ ಅದರ ಮೇಲೆ ಬೋಲ್ಟು ಹಾಕಿ ಕೂತಿರುತ್ತವೆ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಗುಲಿದರೆ ತುಕ್ಕು ಹುಟ್ಟುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಉಬ್ಬಿ, ಪದರಾಗಿ ಉದುರಿ, ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ತೆರೆದಿಡುತ್ತದೆ. ತಾಮ್ರದ ಕೊಡದ ಕಿಲುಬಿನಂತೆ ಮೇಲೇ ನಿಲ್ಲುವುದಿಲ್ಲ. ನಮ್ಮದು ಒಣ ಸೀಮೆ, ಇಲ್ಲಿ ತುಕ್ಕು ಕಡಿಮೆ ಇರಬೇಕಲ್ಲ ಎಂದು ಕೇಳಿದೆ. “ಮಳಿಯಿಂದಲ್ರಿ, ಗೊಬ್ಬರದಿಂದ” ಎಂದರು ಮಿಸ್ತ್ರಿ. ವರ್ಷಗಟ್ಟಲೆ ಗಂಜಿನಿಂದ ಹಳ್ಳಿಗೆ ಗೊಬ್ಬರದ ಚೀಲ ಹೊತ್ತ ಗಾಡಿ ಅದು. ಸೋರಿದ ಗೊಬ್ಬರದ ಉಪ್ಪು ಕೆಸರಿನಲ್ಲಿ ಬೆರೆತು ಸಂದಿಗೊಂದಿಯಲ್ಲಿ ಕೂತರೆ ಗಾಳಿಯ ತೇವವನ್ನೂ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ.

ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ಕುಟ್ಟುತ್ತ ಹೋದರು. ಠಣ್, ಠಣ್ ಎನ್ನುತ್ತಿದ್ದ ಸದ್ದು ಹಿಂದಿನ ಪಾಟಾ ಕೂರುವ ಜಾಗದಲ್ಲಿ ದಬ್ ಎಂದಿತು. ಕುಂಬಾರನ ಮುಂದೆ ಗಡಿಗೆ ಬಡಿದು ನೋಡುವ ನಮಗೆ ಆ ಸದ್ದಿನ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ದಪ್ಪಗೆ ಡಾಂಬರು ಬಳಿದಿತ್ತು. ಕೆರೆದರೆ ಕೆಳಗೆ ವೆಲ್ಡಿಂಗ್ ಮಾಡಿದ ತೇಪೆ, ತೇಪೆಯ ಅಂಚಿಗೆ ಬೆರಳು ತೂರುವಷ್ಟು ತೂತು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಇಲ್ಲಿ ಮೇಲೆ ಥಳಕೂ ಇರಲಿಲ್ಲ. ಅರ್ಧ ಟನ್ನು ತೊಗರಿ ಹೇರಿದರೆ ಭಾರವೆಲ್ಲ ಬೀಳುವುದು ಅದೇ ಜಾಗದ ಮೇಲೆ.

ಆಮೇಲೆ ಕಾಗದ ನೋಡಿದೆವು. ಗಂಡಸರು ಎಂಜಿನ್ನಿನ ಸದ್ದು ಕೇಳಿ ಮನಸೋಲುತ್ತಾರೆ, ಕಾಗದ ಓದುವ ತಾಳ್ಮೆ ನಮಗೇ ಹೆಚ್ಚು. ಆರ್‌ಸಿ ಪುಸ್ತಕದಲ್ಲಿ ‘ಪೆಟ್ರೋಲ್’ ಎಂದಿದೆ, ಗಾಡಿಯಲ್ಲಿ ಡೀಸೆಲ್ ಎಂಜಿನ್ನು ಕೂತಿದೆ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನು ಹಾಕಿಸುವುದು ನಮ್ಮ ಕಡೆ ಹಳೆಯ ರೂಢಿ, ಖರ್ಚು ಉಳಿಯುತ್ತದೆ ಎಂದು. ಆದರೆ ಎಂಜಿನ್ನು ಬದಲಿಸಿದ್ದನ್ನು ಆರ್‌ಟಿಓ ಕಚೇರಿಯಲ್ಲಿ ಬರೆಸಬೇಕು. ಬರೆಸದಿದ್ದರೆ ನಾಳೆ ಅಪಘಾತವಾದಾಗ ವಿಮೆಯವರು ಅದನ್ನೇ ಎತ್ತಿ ತೋರಿಸುತ್ತಾರೆ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿಗೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಇದಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಇಪ್ಪತ್ತು ವರ್ಷ ದಾಟಿದ ಗಾಡಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಚಾಸಿಯ ಮೇಲೆ ಕೊರೆದ ನಂಬರಿನ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ನಾವೂ ಉಜ್ಜಿ ನೋಡಿದೆವು. ಎರಡು ಅಂಕಿ ಜಂಗಿನಲ್ಲಿ ಕರಗಿಹೋಗಿದ್ದವು.

ಕೊನೆಗೆ ಮಿಸ್ತ್ರಿ ಎದ್ದು ಬಟ್ಟೆ ಝಾಡಿಸುತ್ತ ಹೇಳಿದ ಸಂಗತಿಯೇ ನನ್ನ ಮನಸ್ಸಿಗೆ ಹೆಚ್ಚು ನಾಟಿತು. ಈ ಜೀಪಿನಲ್ಲಿ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟೇ ಇರಲಿಲ್ಲ. ಯಾವಾಗಲೋ ಯಾರೋ, ಎಣ್ಣೆ ಉಳಿಯಲಿ ಎಂದು ಬಿಚ್ಚಿಹಾಕಿದ್ದರು. ಲಿವರ್ ಇತ್ತು, ಎಳೆದರೆ ಬರುತ್ತಿತ್ತು, ಅದರ ಕೆಳಗೆ ಏನೂ ಇರಲಿಲ್ಲ.

ಇದ್ದಿದ್ದರೂ ನಮ್ಮ ಎರೆಭೂಮಿಯಲ್ಲಿ ಅದು ಎಷ್ಟು ಕೆಲಸಕ್ಕೆ ಬರುತ್ತಿತ್ತು? 1977ರ ಆಗಸ್ಟಿನಲ್ಲಿ, ಚುನಾವಣೆ ಸೋತಿದ್ದ ಇಂದಿರಾ ಗಾಂಧಿಯವರು ದಲಿತರ ಹತ್ಯೆ ನಡೆದಿದ್ದ ಬಿಹಾರದ ಬೆಲ್ಚಿ ಎಂಬ ಹಳ್ಳಿಗೆ ಹೊರಟರು. ಮಳೆಗಾಲ. ಜೀಪು ಕೆಸರಿನಲ್ಲಿ ಹೂತುಹೋಯಿತು. ಟ್ರ್ಯಾಕ್ಟರು ತಂದರು, ಅದೂ ಸಾಲದಾಯಿತು. ಕೊನೆಗೆ ಆನೆಯ ಮೇಲೆ ಕೂತು ಹೊಳೆ ದಾಟಿ ಊರು ಮುಟ್ಟಿದರು. ಕೆಸರಿಗೆ ಹೆದರದ ಗಾಡಿ ಎಂದು ನಾವು ನಂಬಿದ ಜೀಪು ಕೂಡ ಆ ದಿನ ದಂಡೆಯಲ್ಲೇ ಉಳಿಯಿತು. ಮಳೆ ಬಿದ್ದ ಮರುದಿನದ ನಮ್ಮ ಎರೆಮಣ್ಣು ಹೇಗಿರುತ್ತದೆಂದು ಅದರಲ್ಲಿ ಚಪ್ಪಲಿ ಕಳೆದುಕೊಂಡವರಿಗೇ ಗೊತ್ತು.

ಆ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಇಬ್ಬರೂ ಲೆಕ್ಕ ಹಾಕಿದೆವು. ನಾನು ಬೇಡ ಎನ್ನಲಿಲ್ಲ, ತೊಗೋ ಎನ್ನಲೂ ಇಲ್ಲ. ದುಡ್ಡು ಅವಳದು, ಹೊಲ ಅವಳದು. ಇತಿಹಾಸ ಕಲಿಸುವವರಿಗೆ ಒಂದು ಅಭ್ಯಾಸ, ಯಾವ ವಸ್ತುವನ್ನು ಕಂಡರೂ ಇದು ಯಾವ ತೊಂದರೆಗೆ ಉತ್ತರವಾಗಿ ಬಂತು ಎಂದು ಕೇಳುವುದು. ಅದನ್ನೇ ಕೇಳಿದೆ. ಜೀಪು ದಾರಿಯೇ ಇಲ್ಲದ ಕಾಲದ ಉತ್ತರ. ಬಸುರಿಯನ್ನು ಮಂಚದ ಮೇಲೆ ಹೊರಬೇಕಾಗಿದ್ದ ಕಾಲ ಅದು. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ತಡವಾಗಿಯಾದರೂ ನಮ್ಮ ಊರಿಗೂ ಡಾಂಬರು ಬಂದಿದೆ. ಈಗ ಅವಳ ಹೊಲದಿಂದ ಊರಿನ ರಸ್ತೆಗೆ ಇರುವುದು ಅರ್ಧ ಮೈಲಿಯ ಬಂಡಿದಾರಿ. ತೊಗರಿ ಬರುವುದು ಡಿಸೆಂಬರ್-ಜನವರಿಯಲ್ಲಿ, ಆಗ ಆ ದಾರಿ ಒಣಗಿ ಕಲ್ಲಿನಂತಾಗಿರುತ್ತದೆ, ಎತ್ತಿನ ಬಂಡಿ ಸಾಕು. “ನಿನ್ನ ತೊಂದರಿ ಕೆಸರೋ, ಪಟ್ಟಿಯ ಮ್ಯಾಲಿನ ಹೆಸರೋ?” ಎಂದು ಕೇಳಿದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಜೀಪ್ ತೊಗೊಂಡ್ರ ಅವರ ಆಸೆ ತೀರ್ತದ ಅಕ್ಕಾ, ನನ್ನ ಕೆಲಸ ತೀರೂದಿಲ್ಲ” ಎಂದಳು. ಅದನ್ನು ಹೇಳುವಾಗ ಅವಳ ದನಿ ಸಣ್ಣಗಾಗಿತ್ತು. ಸತ್ತವರ ಆಸೆಯನ್ನು ಬದುಕಿದವರು ಕೆಳಗಿಳಿಸುವುದು ಸುಲಭವಲ್ಲ. ಚಾಸಿ, ಟಿಂಕರಿಂಗು, ಶಾಫ್ಟು, ಕಾಗದ ಎಲ್ಲ ಸೇರಿ ಮಿಸ್ತ್ರಿ ಹೇಳಿದ್ದ ಅಂದಾಜು 90,000. ಕೇಳಿದ ಬೆಲೆಯ ಜೊತೆ ಕೂಡಿಸಿದರೆ 2,70,000. ಅದರ ಮೇಲೂ ಟ್ರಾಲಿ ಬೇಕು, ಟ್ರಾಲಿಗೆ ಬೇರೆ ನೋಂದಣಿ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಬೇಡ ಎಂದು ಅವಳೇ ಲೆಕ್ಕದ ಹಾಳೆ ಮಡಿಚಿದಳು.

ತಿಂಗಳೊಪ್ಪತ್ತಿನಲ್ಲಿ ಅವಳು ಕೊಂಡದ್ದು ಆರು ವರ್ಷ ಓಡಿದ ಒಂದು ಟಾಟಾ ಏಸ್. 2005ರಲ್ಲಿ ಬಂದ ಆ ಪುಟ್ಟ ಲಾರಿಗೆ ಜನ ಇಟ್ಟ ಹೆಸರು ‘ಛೋಟಾ ಹಾಥಿ’. ಬೆಲ್ಚಿಯ ಕಥೆ ಕೇಳಿದ್ದ ಅವಳು, “ಕೊನೀಗಿ ಆನೀನೇ ಗತಿ ಆಯ್ತಲ್ರಿ ಅಕ್ಕಾ” ಎಂದು ನಕ್ಕಳು. ಬೆಲೆ 2,75,000. ಕಡಿಮೆ ಬಿದ್ದ 40,000 ನಾನು ಕೊಟ್ಟೆ. ಅದು ಸಾಲ ಎಂದು ಅವಳೇ ಹಾಳೆಯ ಮೇಲೆ ಬರೆದು ಸಹಿ ಹಾಕಿ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ. ಅದನ್ನೂ ಕೊಳ್ಳುವ ಮೊದಲು ಮಿಸ್ತ್ರಿ ಗೋಣಿತಟ್ಟು ಹಾಸಿ ಕೆಳಗೆ ಮಲಗಿ ಉದ್ದಕ್ಕೂ ಕುಟ್ಟಿ ನೋಡಿದರು. ಎಲ್ಲ ಕಡೆಯೂ ಠಣ್ ಎಂದಿತು.

ಡ್ರೈವಿಂಗ್ ಶಾಲೆಗೆ ಸೇರಿ ಕಲಿತಳು. ಸ್ಕೂಟರು ಮೊದಲೇ ಬರುತ್ತಿತ್ತು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಎದ್ದಾಗ ಅವಳ ಮಗ ಗಾಡಿಯ ಹಿಂದೆ ಹತ್ತಿ ಕುಣಿಯುತ್ತಿದ್ದ. ದಾಯಾದಿ ಭಾವನೂ ಬಂದು ಗಾಡಿಯ ಸುತ್ತ ಒಂದು ಸುತ್ತು ಬಂದ. “ಛಲೋ ಅದ. ಆದ್ರ ಭಾರ ಕಡಿಮಿ ಹೊರ್ತದ” ಎಂದ. ಅದು ನಿಜ. ಒಂದು ಸಲಕ್ಕೆ ಏಳು ಕ್ವಿಂಟಲ್ಲಿಗಿಂತ ಹೆಚ್ಚು ಹೇರುವ ಹಾಗಿಲ್ಲ. ಆದರೆ ಎಲ್ಲವನ್ನೂ ಒಂದೇ ದಿನ ಮಾರಬೇಕಾದ ಹಂಗೂ ಈಗ ಇಲ್ಲ. ಮನೆಯಲ್ಲಿಟ್ಟು, ದರ ನೋಡಿ, ಬೇಕಾದಾಗ ಬೇಕಾದಷ್ಟು ತರಬಹುದು.

ಜನವರಿಯಲ್ಲಿ ಮೊದಲ ಸಲ ಹದಿನಾಲ್ಕು ಚೀಲ ಹೇರಿಕೊಂಡು ನಸುಕಿನಲ್ಲೇ ಕಮಲಾಪುರ ಬಿಟ್ಟು ಬಂದಳು. ನಾನು ರಿಕ್ಷಾದಲ್ಲಿ ಗಂಜಿಗೆ ಹೋಗಿ ನಿಂತಿದ್ದೆ. ಹಮಾಲರು ಚೀಲ ಇಳಿಸಿದರು, ಮೂತಿ ಬಿಚ್ಚಿ ಕಾಳು ನೋಡಿದರು, ತೂಕವಾಯಿತು, ದರ ಕೂಗಿದರು. ಅಡತಿ ಅಂಗಡಿಯ ಮುನೀಮರು ಕನ್ನಡಕ ಏರಿಸಿ, ಪಟ್ಟಿಯ ಪುಸ್ತಕ ತೆರೆದು, ರೂಢಿಯಂತೆ ಭಾವನ ಹೆಸರಿನ ಮೊದಲ ಅಕ್ಷರ ಬರೆಯಲು ಹೋಗಿ ತಡೆದರು.

“ಯಾರ ಹೆಸರಿಲೆ ಬರೀಲಿ ತಂಗಿ?”

ಅವಳು ತನ್ನ ಹೆಸರು ಹೇಳಿದಳು. ಕೇಳಿಸಲಿಲ್ಲವೇನೋ ಎಂದು, ಇನ್ನೊಮ್ಮೆ, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ, ಗಂಡನ ಹೆಸರನ್ನೂ ಊರನ್ನೂ ಸೇರಿಸಿ ಹೇಳಿದಳು. ಮುನೀಮರು ಬರೆದು, ಹಾಳೆ ಹರಿದು ಅವಳ ಕೈಗೆ ಕೊಟ್ಟರು.